ದ್ರಾಕ್ಷಿತೋಟದ ಕೂಲಿ

ಕಥೋಲಿಕ ಚರ್ಚುಗಳಲ್ಲಿ ಭಾನುವಾರದ ವಾಚನಗಳನ್ನು ಗುರುಗಳು ತಮಗೆ ತೋಚಿದಂತೆ ಆರಿಸುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ 1969ರಲ್ಲಿ ಬಂದ ವಾಚನಕ್ರಮ ಮೂರು ವರ್ಷದ್ದು: ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಆಮೇಲೆ ಲೂಕ. ಹಾಗಾಗಿ ಮತ್ತಾಯನ ಸುಸಂದೇಶದಲ್ಲಿರುವ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ಮೂರು ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಸಾಧಾರಣ ಕಾಲದ 25ನೇ ಭಾನುವಾರ ಬಂದೇ ಬರುತ್ತದೆ.

ಬೆಂಗಳೂರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಕೂಲಿಯವರು ಸೇರುವ ಯಾವುದಾದರೂ ಸರ್ಕಲ್ಲಿಗೆ ಹೋಗಿ ನೋಡಿ. ಕರಣೆ, ಸಲಿಕೆ, ಬಾಂಡ್ಲಿ, ಪೇಂಟಿನ ಬ್ರಷ್ಷು, ಊಟದ ಡಬ್ಬಿ ಹಿಡಿದು ಗಂಡಸರು, ಹೆಂಗಸರು ನಿಂತಿರುತ್ತಾರೆ. ಮೇಸ್ತ್ರಿಯ ಗಾಡಿ ನಿಂತ ಕೂಡಲೇ ಹತ್ತು ಜನ ಮುತ್ತುತ್ತಾರೆ. ಗಟ್ಟಿ ಆಳುಗಳು ಮೊದಲು ಗಾಡಿ ಹತ್ತುತ್ತಾರೆ. ಬಿಸಿಲೇರಿದ ಮೇಲೂ ಅಲ್ಲೇ ಉಳಿದವರು ಸೋಮಾರಿಗಳಲ್ಲ. ನರೆತ ತಲೆಯವರು, ಮಗುವನ್ನು ಕಂಕುಳಲ್ಲಿಟ್ಟುಕೊಂಡವರು. ಯಾರೂ ಕರೆಯಲಿಲ್ಲ, ಅಷ್ಟೇ. ಸಾಮತಿಯಲ್ಲಿ ಸಂಜೆ ಐದರ ಹೊತ್ತಿಗೆ ಸಿಕ್ಕವರು ತೋಟದ ಯಜಮಾನನಿಗೆ ಕೊಡುವ ಉತ್ತರವೂ ಅದೇ.

ಬೆಳಿಗ್ಗೆಯಿಂದ ದುಡಿದವರಂತೆ ಅವರಿಗೂ ಅವನು ಕೊಟ್ಟದ್ದು ಒಂದು ದಿನಾರಿ, ಆ ಕಾಲದ ಪೂರ್ತಿ ದಿನದ ಕೂಲಿ. ಕೊನೆಗಾಲದಲ್ಲಿ ದೇವರ ಕಡೆ ತಿರುಗಿದವರಿಗೂ ಸ್ವರ್ಗ ಉಂಟು ಎಂಬ ವ್ಯಾಖ್ಯಾನ ಪ್ರಬೋಧನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದು ಸರಿಯೇ. ಆದರೆ ಆ ದಿನಾರಿಯನ್ನು ಪೂರ್ತಿಯಾಗಿ ಸ್ವರ್ಗಕ್ಕೆ ಕಳಿಸಿಬಿಟ್ಟರೆ ನನಗೆ ಸಮಾಧಾನವಾಗುವುದಿಲ್ಲ. ಅದು ದುಡ್ಡು, ರಾತ್ರಿಯ ಅಕ್ಕಿ. ಒಂದು ಗಂಟೆ ದುಡಿದವನ ಮನೆಯಲ್ಲಿ ಹಸಿವೇನೂ ಒಂದು ಗಂಟೆಯದಲ್ಲ. ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುವುದೂ ಇದಕ್ಕೇ. ಮರುವರ್ಷ, 26ನೇ ಭಾನುವಾರ ಓದುವ ಯಕೋಬನ ಪತ್ರವಂತೂ ಹಿಡಿದಿಟ್ಟುಕೊಂಡ ಕೂಲಿಯೇ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತದೆ.

ಆದ್ದರಿಂದ ಭಾನುವಾರ ಕೇಳಿದ್ದು ಸೋಮವಾರ ಲೆಕ್ಕಕ್ಕೆ ಬರಬೇಕಾದ ಜಾಗಗಳು ನಮ್ಮ ಹೊಸ್ತಿಲಲ್ಲೇ ಇವೆ. ಜ್ವರ ಬಂದು ಮನೆಗೆಲಸದಾಕೆ ಬಾರದ ದಿನದ ಸಂಬಳ. ಮಳೆ ಬಂದು ಮಧ್ಯಾಹ್ನಕ್ಕೇ ನಿಂತ ಗಾರೆ ಕೆಲಸ. ಚಿಲ್ಲರೆ ಇಲ್ಲವೆಂದು ನಾಳೆಗೆ ತಳ್ಳಿದ ಬಾಕಿ. ಚರ್ಚಿನ ಅಂಗಳ ಗುಡಿಸುವವರಿಗೆ ಎಷ್ಟು ಕೊಡುತ್ತೇವೆ ಎಂಬುದನ್ನು ಪಾಲನಾ ಸಮಿತಿಯೂ ಈ ವಾಚನ ಬಂದ ವಾರವಾದರೂ ಚರ್ಚೆಗೆತ್ತಿಕೊಳ್ಳಬೇಕು.

ಒಂದು ವಿವರ ನನ್ನನ್ನು ಸದಾ ತಡೆದು ನಿಲ್ಲಿಸುತ್ತದೆ. ಯಜಮಾನ ಕೊನೆಗೆ ಬಂದವರಿಗೆ ಮೊದಲು ಕೊಡಿಸುತ್ತಾನೆ. ಬೆಳಿಗ್ಗೆ ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಒಪ್ಪಿದ ದಿನಾರಿ ಪಡೆದು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು, ಗೊಣಗಾಟವೇ ಇರುತ್ತಿರಲಿಲ್ಲ. ಬೇಕೆಂದೇ ಎಲ್ಲರ ಕಣ್ಣೆದುರು ಕೊಟ್ಟ. ಬೈಗುಳ ಕೇಳಿಸಿಕೊಂಡ. ಗೊಣಗಿದವನನ್ನು ಗೆಳೆಯಾ ಎಂದೇ ಕರೆದು ಉತ್ತರ ಹೇಳಿದ. ಮೊನ್ನೆ ಮನೆಗೆ ಬಣ್ಣ ಹೊಡೆಸುವಾಗ, ಮಧ್ಯಾಹ್ನ ಬಂದ ವಯಸ್ಸಾದ ಆಳಿಗೆ ಪೂರ್ತಿ ಕೂಲಿ ಕೊಡೋಣ ಎಂದೆ. ಮೇಸ್ತ್ರಿ, "ಬೇಡಿ ಸಾರ್, ಉಳಿದವರು ಕೇಳ್ತಾರೆ" ಎಂದ. "ಕೇಳಲಿ, ನಾನೇ ಮಾತಾಡ್ತೀನಿ" ಎಂದೆ. ಕೇಳಿದರು. ಜಗಲಿಯ ಮೇಲೆ ಚಹಾ ಕುಡಿಯುತ್ತಾ ಅರ್ಧ ಗಂಟೆ ಮಾತಾಡಿದೆವು. ಒಬ್ಬ ಕೊನೆಯವರೆಗೂ ಒಪ್ಪಲಿಲ್ಲ.