ಮೂಲವ್ಯಾಧಿಯೆಂದು ಬಂದವರು

ನಾನು ಯೌವನವನ್ನು ಕಳೆದ ಪೆಥಾಲಜಿ ವಿಭಾಗದ ಹಳೆಯ ಕಟ್ಟಡವನ್ನು ಕೆಡವಿದರೆಂಬ ವಾರ್ತೆ ಬಂದಂದಿನಿಂದ, ಫಾರ್ಮಲಿನ್, ಜೈಲೀನ್, ಕರಗಿದ ಮೇಣ ಇವು ಬೆರೆತ ಆ ತೀಕ್ಷ್ಣ ಗಂಧವು ನನ್ನನ್ನು ಹಿಂಬಾಲಿಸುತ್ತಿದೆ. 1970ರ ದಶಕದಲ್ಲಿ ಅಲ್ಲಿಗೆ ಅಪರೂಪಕ್ಕೆ ಬಂದು, ಬಂದೊಡನೆ ಎಲ್ಲರ ಮಾತನ್ನೂ ಅಡಗಿಸುತ್ತಿದ್ದ ವ್ಯಾಧಿಯೆಂದರೆ ಗುದನಾಳದ ಮೆಲನೋಮ, ವರ್ಣಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ರಕ್ತಸ್ರಾವವನ್ನು ಮೂಲವ್ಯಾಧಿಯೆಂದೇ ಬಗೆದು, ತಿಂಗಳುಗಟ್ಟಲೆ ನಾಟಿಮದ್ದು ಸೇವಿಸಿ, ಗಡ್ಡೆಯು ತೊಡೆಸಂದಿನ ಗ್ರಂಥಿಗಳಿಗೋ ಯಕೃತ್ತಿಗೋ ಶ್ವಾಸಕೋಶಕ್ಕೋ ಹಬ್ಬಿದ ಮೇಲೆ ರೋಗಿಗಳು ಬರುತ್ತಿದ್ದುದರಿಂದ, ಐದು ವರ್ಷ ಬದುಕುತ್ತಿದ್ದವರು 100ಕ್ಕೆ 20ಕ್ಕಿಂತಲೂ ಕಡಿಮೆ.

ವರ್ಣರಹಿತ ಗಡ್ಡೆ ಬಂದ ದಿನ ನಮ್ಮ ಗುರುಗಳು ಹೊತ್ತಿಗೆ ಮನೆ ಸೇರಿದ್ದಿಲ್ಲ. ಮೆಲನೋಮವನ್ನು ಗುರುತಿಸುವ ಎಸ್-100, ಎಚ್‌ಎಂಬಿ-45 ಪರೀಕ್ಷೆಗಳು 1980ರ ದಶಕಕ್ಕೆ ಮುನ್ನ ಇರಲಿಲ್ಲವಾಗಿ, ಬೆಳ್ಳಿಯ ಲವಣದಿಂದ ಮಾಡುವ ಫಾಂಟಾನಾ-ಮ್ಯಾಸನ್ ವರ್ಣಲೇಪನವನ್ನೇ ನೆಚ್ಚಿ, ಗಾಜಿನ ಮೇಲಿನ ಅಸಂಖ್ಯ ಜೀವಕೋಶಗಳ ನಡುವೆ ಮೆಲನಿನ್ನಿನ ಒಂದೇ ಒಂದು ಕಪ್ಪು ಕಣಕ್ಕಾಗಿ ಅವರು ದೀಪ ಹೊತ್ತಿದ ಮೇಲೂ ಅರಸುತ್ತಿದ್ದರು.

ಒಮ್ಮೆ ರಾಗಿ ಬೆಳೆಯುವ ರೈತನೊಬ್ಬ ಶಸ್ತ್ರವೈದ್ಯರೊಡನೆ ಚೌಕಾಸಿಗೇ ನಿಂತನು: “ಗಡ್ಡೆ ತಗೀರಿ ಸ್ವಾಮಿ, ದಾರಿ ಮಾತ್ರ ಮುಚ್ಚಬೇಡಿ, ಹೊಟ್ಟೆ ಮೇಲೆ ಚೀಲ ಕಟ್ಕೊಂಡು ನಾನು ಹೊಲಕ್ಕೆ ಹೋಗಲಾರೆ.” 1908ರಲ್ಲಿ ಶಸ್ತ್ರವೈದ್ಯ ಮೈಲ್ಸ್ ವಿವರಿಸಿದ, ಗುದನಾಳವನ್ನೇ ಸಂಪೂರ್ಣ ತೆಗೆಯುವ ಶಸ್ತ್ರಕ್ರಿಯೆಯೇ ಆಗ ಶಾಸ್ತ್ರ. ಗುರುಗಳು ರೈತನ ಪಕ್ಷ ವಹಿಸಿ, ರಕ್ತದಲ್ಲಿ ಸಂಚರಿಸುವ ರೋಗವು ಕೊಯ್ತದ ವಿಸ್ತಾರಕ್ಕೆ ಅಂಜದೆಂದರು. ಅವನು ಎರಡು ಸುಗ್ಗಿಗಳನ್ನು ಕಂಡನು. ಗಡ್ಡೆಯನ್ನಷ್ಟೇ ತೆಗೆಯುವುದು, ಗುದನಾಳವನ್ನೇ ತೆಗೆಯುವುದು, ಈ ಎರಡೂ ವಿಧಾನಗಳಲ್ಲಿ ಆಯುಷ್ಯದ ಅಂತರವಿಲ್ಲವೆಂದು ಮುಂದಿನ ದಶಕಗಳ ಅಧ್ಯಯನಗಳು ಪದೇ ಪದೇ ತೋರಿಸಿದವು.

ಆದರೂ ಆ ಕಾಲವೇ ಲೇಸೆನ್ನಲಾರೆ. ಹಬ್ಬಿದ ರೋಗಕ್ಕೆ ಡಕಾರ್ಬಜೀನ್ ಹೊರತು ನಮ್ಮಲ್ಲಿ ಹೇಳಿಕೊಳ್ಳುವಂಥ ಔಷಧವಿರಲಿಲ್ಲ, ಅದಕ್ಕೂ ಮಣಿಯುತ್ತಿದ್ದವರು ಕೆಲವರೇ. ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಔಷಧಗಳಾಗಿ 2011ರಲ್ಲಿ ಇಪಿಲಿಮುಮಾಬ್, 2014ರಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಬಂದವು. ಅವುಗಳ ಹಿಂದಿನ ತತ್ತ್ವವನ್ನು ಕಂಡ ವಿಜ್ಞಾನಿಗಳಾದ ಆಲಿಸನ್ ಮತ್ತು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಗುದನಾಳದ್ದರಂತೆ ಬಿಸಿಲಿನಿಂದ ಹುಟ್ಟದ ಲೋಳ್ಪೊರೆಯ ಮೆಲನೋಮವು ಚರ್ಮದ ಮೆಲನೋಮದಷ್ಟು ಈ ಔಷಧಗಳಿಗೆ ಬಗ್ಗದು. ಆದಾಗ್ಯೂ ಹಿಂದೆ ವರ್ಷವೊಂದನ್ನು ಕಾಣದೆ ಹೋಗುತ್ತಿದ್ದಂಥ ಕೆಲವರು ಇಂದು ಹಲವು ವರ್ಷ ಬಾಳುತ್ತಿರುವುದು ನಮ್ಮ ಗುರುಗಳು ಕಾಣದೆ ಹೋದ ಭಾಗ್ಯ.

ಆ ಭಾಗ್ಯಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕು. ಅದಕ್ಕಿಂತಲೂ ಮುಂಚೆ ಬೇಕಾದುದು ಬೆರಳಿಟ್ಟು ಪರೀಕ್ಷಿಸುವ ವೈದ್ಯ. ಕಾಸು ಖರ್ಚಿಲ್ಲದ ಆ ಪರೀಕ್ಷೆಯನ್ನು ಮಾಡದೆ ಮುಲಾಮು ಬರೆದುಕೊಡುವವರನ್ನೂ, ಮೂಲವ್ಯಾಧಿಯೆಂದು ಕೊಯ್ದ ತುಣುಕನ್ನು ಸೂಕ್ಷ್ಮದರ್ಶಕಕ್ಕೆ ಕಳುಹಿಸದೆ ಎಸೆಯುವವರನ್ನೂ ಕಾಣುವಾಗ, ಔಷಧ ಬದಲಾದರೂ ರೋಗಿ ತಡವಾಗಿ ಬರುವ ದಾರಿಯನ್ನು ನಾವೇ ಹಾಗೆಯೇ ಉಳಿಸಿಕೊಂಡಿದ್ದೇವೆಂದು ನನಗೆ ಕೋಪ ಬರುತ್ತದೆ.