ನೀರು ಕಾಣದ ಮಹಾನೌಕೆಗಳು

ಆಸೆಗೆ ಮೇರೆಯಿಲ್ಲವೆಂಬುದು ಹಿರಿಯರ ಮಾತು. ಆದರೆ ಆ ಮೇರೆಯನ್ನು ಅಡಿ, ಅಂಗುಲ, ಟನ್ನುಗಳಲ್ಲಿ ಅಳೆದು ತೋರಿಸಿರೆಂದು ಶಾಸನಸಭೆಯ ಸದಸ್ಯನೊಬ್ಬನು ಕೇಳಿದ ಪ್ರಸಂಗ ಅಪೂರ್ವವಾದುದು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕೆಯಲ್ಲಿ ಅಂತಹ ಪ್ರಸಂಗವೊಂದು ನಡೆಯಿತು.

1906ರಲ್ಲಿ ಇಂಗ್ಲೆಂಡು 'ಡ್ರೆಡ್‌ನಾಟ್' ಎಂಬ ಯುದ್ಧನೌಕೆಯನ್ನು ನೀರಿಗಿಳಿಸಿದೊಡನೆ ಹಿಂದಿನ ನೌಕೆಗಳೆಲ್ಲ ಹಳತಾದುವು. ಇದಕ್ಕೆ ಮೊದಲೇ, 1905ರಲ್ಲಿ, ಅಮೆರಿಕೆಯ ಕಾಂಗ್ರೆಸ್ಸು ತನ್ನ ಎರಡು ಹೊಸ ನೌಕೆಗಳಿಗೆ 16,000 ಟನ್ನಿನ ಮಿತಿಯನ್ನು ವಿಧಿಸಿದ್ದಿತು. ಆ ಕಟ್ಟಿನೊಳಗೆ ಕೆಲಸಮಾಡಬೇಕಾದ ನೌಕಾಶಿಲ್ಪಿಗಳು 'ಸೌತ್ ಕೆರೊಲಿನಾ', 'ಮಿಷಿಗನ್' ನೌಕೆಗಳಲ್ಲಿ ಎಂಟು ಹಿರಿಯ ಫಿರಂಗಿಗಳನ್ನು ಹಡಗಿನ ನಡುಗೆರೆಯ ಮೇಲೆಯೇ, ಒಂದು ಗೋಪುರದ ಹಿಂದೆ ಇನ್ನೊಂದನ್ನು ಎತ್ತರಿಸಿ, ಅಳವಡಿಸಿದರು. ಹತ್ತು ಫಿರಂಗಿಗಳ ಡ್ರೆಡ್‌ನಾಟ್ ಒಂದು ಪಾರ್ಶ್ವಕ್ಕೆ ಎಂಟನ್ನು ಮಾತ್ರ ಹಾರಿಸಬಲ್ಲುದಾಗಿತ್ತು. ಎಂಟೇ ಉಳ್ಳ ಇವು ಎಂಟನ್ನೂ ಹಾರಿಸಬಲ್ಲವಾಗಿದ್ದುವು. ಮಿತಿಯೇ ಇಲ್ಲಿ ಜಾಣ್ಮೆಗೆ ತಾಯಿಯಾಯಿತು.

ಆದರೆ ಸ್ಪರ್ಧೆಗೆ ಮಿತಿ ಹಿಡಿಸದು. 'ಸೌತ್ ಕೆರೊಲಿನಾ' 1910ರಲ್ಲಿ ಸೇವೆಗೆ ಸೇರಿತು. 1916ರಲ್ಲಿ ಬಂದ 'ಪೆನ್ಸಿಲ್ವೇನಿಯಾ' 31,400 ಟನ್ನಿನದು. ಈ ಬೆಳವಣಿಗೆಯಿಂದ ಬೇಸತ್ತವನು ಸೆನೆಟರ್ ಬೆಂಜಮಿನ್ ಟಿಲ್‌ಮನ್. ಕರಿಯ ಜನರ ಹಕ್ಕುಗಳ ಕಡುವೈರಿಯೆಂದು ಅಪಕೀರ್ತಿ ಪಡೆದವನೇ ಆದರೂ ಈ ಒಂದು ವಿಷಯದಲ್ಲಿ ಆತನ ಪ್ರಶ್ನೆ ನೇರವಾಗಿತ್ತು: ವರ್ಷ ವರ್ಷವೂ ಹಿಗ್ಗುವ ಈ ಹಡಗಿಗೆ ಕೊನೆಯಾದರೂ ಎಲ್ಲಿ? ಅಂತಿಮ ಗಾತ್ರದ ನೌಕೆ ಎಷ್ಟು ದೊಡ್ಡದು? 1912ರಲ್ಲಿ ಎತ್ತಿದ ಈ ಪ್ರಶ್ನೆಯನ್ನು ಆತ 1916ರಲ್ಲಿ ಮತ್ತೆ ಎತ್ತಿದನು.

ಉತ್ತರ ದೊರೆತುದು ಪನಾಮಾ ಕಾಲುವೆಯಲ್ಲಿ. ಹಡಗುಗಳನ್ನು ಏರಿಸಿ ಇಳಿಸುವ ಅಲ್ಲಿಯ ನೀರ್ಕೋಣೆಗಳ ಅಗಲ ಆಗ 110 ಅಡಿ, ಉದ್ದ 1,000 ಅಡಿ ಇದ್ದಿತು. ಅವುಗಳಲ್ಲಿ ನುಸುಳಬಲ್ಲ ಹಡಗು 975 ಅಡಿ ಉದ್ದ, 108 ಅಡಿ ಅಗಲ ಇರಬಹುದೆಂದು ಲೆಕ್ಕ ಹಾಕಿ ಶಿಲ್ಪಿಗಳು ಹಲವು ನಕ್ಷೆಗಳನ್ನು ರಚಿಸಿದರು. ಒಂದರಲ್ಲಿ 80,000 ಟನ್ನು ಭಾರ. ಗೋಪುರಕ್ಕೆ ಆರರಂತೆ ನಾಲ್ಕು ಗೋಪುರಗಳಲ್ಲಿ 16 ಅಂಗುಲದ 24 ಫಿರಂಗಿಗಳು. ಮತ್ತೊಂದರಲ್ಲಿ 18 ಅಂಗುಲದವು ಹದಿನೈದು. ಇಷ್ಟಾದರೂ ಬಯಸಿದುದೆಲ್ಲ ಒಂದೇ ಹಡಗಿನಲ್ಲಿ ಕೂಡಿಬರಲಿಲ್ಲ. ಮೂವತ್ತು ನಾಟ್ ವೇಗ ಬೇಕೆಂದಾಗ ಉಕ್ಕಿನ ಕವಚ ತೆಳುವಾಯಿತು. ಕವಚವೂ ಫಿರಂಗಿಗಳೂ ಬೇಕೆಂದಾಗ ವೇಗ ಇಳಿಯಿತು. ಗಾತ್ರ ಹಿಗ್ಗಿದರೂ ಆಯ್ಕೆಯ ಕಷ್ಟ ತಪ್ಪಲಿಲ್ಲ.

ಈ ನೌಕೆಗಳಲ್ಲಿ ಒಂದೂ ನೀರು ಕಾಣಲಿಲ್ಲ. 1918ರಲ್ಲಿ ಟಿಲ್‌ಮನ್ ತೀರಿಕೊಂಡನು. 1922ರ ವಾಷಿಂಗ್ಟನ್ ಒಪ್ಪಂದದಲ್ಲಿ ಪ್ರಬಲ ರಾಷ್ಟ್ರಗಳು ಯುದ್ಧನೌಕೆಗೆ 35,000 ಟನ್ನಿನ ಎಲ್ಲೆಯನ್ನು ತಾವಾಗಿಯೇ ಒಪ್ಪಿಕೊಂಡುವು. ಅಮೆರಿಕೆ ಕಟ್ಟುತ್ತಿದ್ದ ಆರು ಹಿರಿನೌಕೆಗಳು ಅರ್ಧಕ್ಕೇ ನಿಂತು ಗುಜರಿಯಾದುವು. ಮುಂದೆ ಆ ಎಲ್ಲೆಯನ್ನು ತೊರೆದ ಜಪಾನು 18 ಅಂಗುಲವನ್ನು ಮೀರಿದ ಫಿರಂಗಿಗಳ 'ಯಮಾಟೊ' ನೌಕೆಯನ್ನು ಕಟ್ಟಿತು. 1945ರ ಏಪ್ರಿಲ್‌ನಲ್ಲಿ ವಿಮಾನಗಳ ದಾಳಿಗೆ ಅದು ಸಹಸ್ರಾರು ನಾವಿಕರೊಡನೆ ಮುಳುಗಿತು.

ಕಾಲುವೆಯ ಗೋಡೆ ಹಡಗಿಗೆ ಮಿತಿ ಹಾಕಬಲ್ಲುದು, ಹಡಗನ್ನು ಬಯಸುವ ಮನಸ್ಸಿಗೆ ಹಾಕಲಾರದು. ಆ ಮಿತಿಯನ್ನು ಮನುಷ್ಯನು ತಾನೇ ಹಾಕಿಕೊಳ್ಳಬೇಕು. ಅದಕ್ಕೆ ಸಂಯಮವೆಂದು ಹೆಸರು. ಎಳೆಯರಿಗೆ ಗಣಿತದೊಡನೆ ಇದನ್ನೂ ಕಲಿಸುವುದೇ ವಿದ್ಯಾಲಯದ ಸಾರ್ಥಕತೆ.