ಕವಾಯತಿನ ಹಲಗೆ

ಹೋದ ದಸರೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಬಂದಿದ್ದನು. ತಾಂಡೂರಿನ ಹತ್ತಿರದ ಕನ್ನಡ ಶಾಲೆಗೆ ನಾವು ಕೆಲಸಕ್ಕೆ ಬಂದ ಮೊದಲ ವರ್ಷ ಮೂರನೆಯ ತರಗತಿಯಲ್ಲಿದ್ದ ಹುಡುಗ. ಈಗ ಹೈದರಾಬಾದಿನಲ್ಲಿ ಯಂತ್ರಗಳ ದುರಸ್ತಿಯ ಕೆಲಸ ಮಾಡಿಕೊಂಡಿದ್ದಾನೆ. ಕ್ಷೇಮಸಮಾಚಾರಗಳು ಮುಗಿದ ಮೇಲೆ ಆತನು ಫೋನನ್ನು ತೆಗೆದು, ಕಿವಿಗೆ ಇಡುವ ಸಾಧನವನ್ನು ನಮ್ಮ ಕೈಗೆ ಕೊಟ್ಟು, "ಸರ, ಇದೊಂದು ಕೇಳಿ ನೋಡ್ರಿ" ಎಂದನು.

ಮೊದಲು ಕಹಳೆಗಳು ಮೊಳಗಿದವು. ಅದರ ಹಿಂದೆಯೇ ನಗಾರಿಯ ಪೆಟ್ಟುಗಳು. ಸಾವಿರಾರು ಬೂಟುಗಳು ಒಂದೇ ಸಲ ನೆಲವನ್ನು ತುಳಿದಂತಹ ಸದ್ದು. ಅದರ ಮೇಲೆ ಗಂಟಲಿನ ಆಳದಿಂದ ಬರುವ ಒರಟು ದನಿಯೊಂದು ಜರ್ಮನ್ ಭಾಷೆಯಲ್ಲಿ ಅಪ್ಪಣೆ ಕೊಡುವಂತೆ ಹಾಡುತ್ತಿದ್ದಿತು. ಅರ್ಥವಾಗದ ಭಾಷೆ, ಆದರೂ ನಮ್ಮ ಬೆನ್ನು ನೆಟ್ಟಗಾಯಿತು. ನೋಡಿಕೊಂಡರೆ ಎಡಗಾಲು ನಮ್ಮ ಅಪ್ಪಣೆಯಿಲ್ಲದೆಯೇ ನೆಲವನ್ನು ಬಡಿಯುತ್ತಿದ್ದಿತು. ಹುಡುಗನು ನಗುತ್ತಿದ್ದನು. ನಮಗೆ ಮಾತ್ರ ನಾಚಿಕೆಯಾಯಿತು. ಅದೇಕೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಆ ತಂಡದ ಹೆಸರು ಲೈಬಾಖ್. 1980ರಲ್ಲಿ, ಆಗಿನ ಯುಗೊಸ್ಲಾವಿಯದ ಭಾಗವಾಗಿದ್ದ ಸ್ಲೊವೇನಿಯದಲ್ಲಿ, ತ್ರಬೋವ್ಲೆ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ ಹುಟ್ಟಿದ್ದು. ಆ ಊರಿನ ವಿದ್ಯುತ್ ಸ್ಥಾವರದ ಹೊಗೆಗೊಳವೆ 360 ಮೀಟರು ಎತ್ತರದ್ದು. ಲೈಬಾಖ್ ಎಂಬುದು ಅಲ್ಲಿನ ರಾಜಧಾನಿಯಾದ ಲ್ಯುಬ್ಲ್ಯಾನಕ್ಕೆ ಜರ್ಮನರು ಇಟ್ಟುಕೊಂಡಿದ್ದ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಆಕ್ರಮಣವನ್ನು ಅನುಭವಿಸಿದ ಜನಕ್ಕೆ ಆ ಹೆಸರೇ ಒಂದು ಮುಳ್ಳು. 1983ರಲ್ಲಿ ಸರಕಾರವು ಆ ಹೆಸರನ್ನು ನಿಷೇಧಿಸಿತು. ನಾವು ಕೇಳಿದ್ದು 1987ರ 'ಓಪಸ್ ದೇಯಿ' ಎಂಬ ಧ್ವನಿಮುದ್ರಿಕೆ. ಇಂಗ್ಲೆಂಡಿನ ಕ್ವೀನ್ ತಂಡದವರು ಹಿಂದೆ ಸಂತೋಷದಿಂದ ಹಾಡಿದ 'ಒನ್ ವಿಷನ್' ಎಂಬ ಹಾಡನ್ನು ಇವರು ಜರ್ಮನ್ ಭಾಷೆಗೆ ತಿರುಗಿಸಿ, ನಗಾರಿಯ ಮೇಲೆ ನಿಲ್ಲಿಸಿ, 'ರಾಷ್ಟ್ರವೊಂದರ ಜನನ' ಎಂದು ಹೆಸರಿಟ್ಟಿದ್ದಾರೆ. ಹಾಡು ಬಹುಮಟ್ಟಿಗೆ ಅದೇ. ಆದರೆ ಅಲ್ಲಿ ಜನರನ್ನು ಕುಣಿಸಿದ ಮಾತುಗಳು ಇಲ್ಲಿ ಸರ್ವಾಧಿಕಾರಿಯ ಫರ್ಮಾನಿನಂತೆ ಕೇಳುತ್ತವೆ! ಇವರು ಸಮವಸ್ತ್ರ ತೊಟ್ಟು ಹಾಡುವುದು ದಬ್ಬಾಳಿಕೆಯನ್ನು ಮೆಚ್ಚಿಯೋ ಅಣಕಿಸಿಯೋ ಎಂದು ಅವರ ನಾಡಿನವರೇ ಬಹಳ ಕಾಲ ಜಗಳವಾಡಿದರು. 2015ರ ಆಗಸ್ಟಿನಲ್ಲಿ ಉತ್ತರ ಕೊರಿಯದ ರಾಜಧಾನಿಯಲ್ಲಿಯೂ ಇವರು ಹಾಡಿ ಬಂದರು.

ಇಂತಹ ಸಂಗೀತಕ್ಕೆ ಕವಲುಗಳು ಹಲವು ಎಂದು ಹುಡುಗನೇ ನಮಗೆ ಪಾಠ ಹೇಳಿದನು. ಕಾರ್ಖಾನೆಯ ಗದ್ದಲವನ್ನೇ ರಾಗ ಮಾಡಿಕೊಂಡದ್ದು ಒಂದು. 1976ರಲ್ಲಿ ಇಂಗ್ಲೆಂಡಿನ ತ್ರಾಬಿಂಗ್ ಗ್ರಿಸಲ್ ತಂಡದವರು ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸಂಸ್ಥೆಯನ್ನು ತೆರೆದಾಗ ಅದಕ್ಕೆ ಹೆಸರು ಬಂದಿತು. ಗಿಟಾರಿನೊಡನೆ ಹಳೆಯ ಹಾಡುಗಬ್ಬದ ಧಾಟಿಯನ್ನು ಹಿಡಿದದ್ದು ಇನ್ನೊಂದು. ಕವಾಯತಿನ ನಗಾರಿಯದು ಮೂರನೆಯದು. ಇವುಗಳಲ್ಲಿ ಕೆಲವು ತಂಡಗಳು ಹಿಟ್ಲರನ ಪಡೆಯವರ ಲಾಂಛನಗಳೊಡನೆ ಆಟವಾಡುವುದುಂಟೆಂದೂ, ಅಂಥವನ್ನು ತಾನು ಕೇಳುವುದಿಲ್ಲವೆಂದೂ ಹುಡುಗನು ಹೇಳಿದನು. ಗದ್ದಲವನ್ನು ಸಂಗೀತವೆಂದು ಮೊದಲು ಸಾರಿದವನು ಇಟಲಿಯ ಲೂಯಿಜಿ ರುಸ್ಸೋಲೊ, 1913ರಲ್ಲಿ. ಆತನ ಗೆಳೆಯರ ಬಳಗವು ಯಂತ್ರವನ್ನು ಹೊಗಳಿದಷ್ಟೇ ಯುದ್ಧವನ್ನೂ ಹೊಗಳುತ್ತಿದ್ದಿತು.

"ಇದು ನಿನಗೇಕೆ ಹಿಡಿಸಿತಪ್ಪಾ?" ಎಂದು ಕೇಳಿದೆವು.

"ಇದು ನಮ್ಮ ಮನೀ ಸಪ್ಪಳ ಇದ್ದಂಗ ಅದರಿ ಸರ" ಎಂದನು.

ತಾಂಡೂರನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ನೀಲಿ, ಹಳದಿ ಫರಸಿ ಕಲ್ಲುಗಳು ನಾಡಿನ ಎಷ್ಟೋ ಪಡಸಾಲೆಗಳ ನೆಲವಾಗಿವೆ. ನಮ್ಮ ಶಾಲೆಯ ಮಕ್ಕಳು ಕುಳಿತುಕೊಳ್ಳುವುದೂ ಅವುಗಳ ಮೇಲೆಯೇ. ಗಣಿಯಿಂದ ಎದ್ದ ಕಲ್ಲನ್ನು ಕೊಯ್ಯುವ ಗರಗಸದ ಕಿರುಚು, ನೀರು ಸುರಿಯುತ್ತ ತಿಕ್ಕುವ ಚಕ್ರದ ಗುಂಯ್‌ಕಾರ, ಚಪ್ಪಡಿಯ ಮೇಲೆ ಚಪ್ಪಡಿ ಬೀಳುವ ಪೆಟ್ಟು, ಇವುಗಳ ನಡುವೆ ಬೆಳೆದ ಹುಡುಗನು ಆತ. ತಂದೆ ಪಾಲಿಶ್ ಕಾರ್ಖಾನೆಯ ಕೂಲಿಗಾರ. ಮೈಮೇಲೆ ಯಾವಾಗಲೂ ಕಲ್ಲಿನ ಬಿಳಿಯ ಹುಡಿ. ಆ ತಂದೆಯೇ ನಮ್ಮ ಸೀಮೆಯಲ್ಲಿ ಹೆಸರಾದ ಹಲಗೆ ವಾದಕ.

ನಮ್ಮ ಸೀಮೆಯೆಂದರೆ ಯಾವುದು ಎಂದು ವಾಚಕರು ಕೇಳಬಹುದು. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗೆರೆ ಆಚೆಗೆ ಸರಿಯಿತು. ಜನರು ಇದ್ದಲ್ಲಿಯೇ ಉಳಿದರು. ನಾವು ಹುಟ್ಟಿದ್ದು ನಾರಾಯಣಖೇಡದ ಬಳಿ. ಮಾತು ಕಲಿತದ್ದು ಕನ್ನಡದಲ್ಲಿ, ವ್ಯವಹಾರ ಕಲಿತದ್ದು ತೆಲುಗಿನಲ್ಲಿ. ಮೊಹರಮ್ಮನ್ನು ನಮ್ಮ ಊರಿನಲ್ಲಿ ಅಲಾವಿ ಹಬ್ಬವೆನ್ನುತ್ತಿದ್ದೆವು. ಕುಣಿಯಲ್ಲಿ ಬೆಂಕಿ, ಅದರ ಸುತ್ತ ಎಲ್ಲ ಜಾತಿಯವರ ಹೆಜ್ಜೆ, ಹಲಗೆಯ ಪೆಟ್ಟಿಗೆ ಕನ್ನಡದಲ್ಲಿಯೇ ರಿವಾಯತ್ ಪದಗಳು. 680ನೆಯ ಇಸವಿಯಲ್ಲಿ ಕರ್ಬಲದಲ್ಲಿ ನಡೆದ ಯುದ್ಧವನ್ನು, ಕುಡಿಯಲು ನೀರಿಲ್ಲದೆ ಹೋರಾಡಿ ಮಡಿದವರನ್ನು, ಜೋಳದ ಹೊಲದಿಂದ ಬಂದ ಒಕ್ಕಲಿಗನು ತನ್ನ ಮನೆಯವರೆಂಬಂತೆ ನೆನೆದು ಅಳುತ್ತಿದ್ದನು. ಅದೂ ರಣವಾದ್ಯವೇ. ಆದರೆ ಅದರ ಪಕ್ಷ ಸೋತವರದು.

ಈಗ ನಾಚಿಕೆಯ ವಿಷಯಕ್ಕೆ ಬರೋಣ.

ಮೂರು ವರ್ಷಗಳ ಹಿಂದೆ ಸ್ವಾತಂತ್ರ್ಯೋತ್ಸವಕ್ಕಾಗಿ ಮಕ್ಕಳಿಗೆ ಕವಾಯತು ಕಲಿಸುತ್ತಿದ್ದೆವು. ನಮ್ಮಂತಹ ಶಾಲೆಯಲ್ಲಿ ಬ್ಯಾಂಡಿನ ವಾದ್ಯಗಳೆಲ್ಲಿ? ಬಾಯಲ್ಲಿ 'ಎಡ, ಬಲ' ಕೂಗಿ ಗಂಟಲು ಕಟ್ಟಿತು. ಆಗ ನಮಗೊಂದು ಯುಕ್ತಿ ಹೊಳೆಯಿತು. ಮೇಲೆ ಹೇಳಿದ ಹುಡುಗನ ತಮ್ಮನು ಆಗ ಐದನೆಯ ತರಗತಿಯಲ್ಲಿದ್ದನು. "ನಾಳೆ ಮನೆಯಿಂದ ಹಲಗೆ ತಾರೋ, ನೀನೇ ಬಾರಿಸು" ಎಂದೆವು. ನಾಡಿನ ವಾದ್ಯಕ್ಕೆ ಶಾಲೆಯಲ್ಲಿ ಸ್ಥಾನ ಕೊಟ್ಟೆವೆಂಬ ಹೆಮ್ಮೆ ಬೇರೆ! ಹುಡುಗನು ತಲೆ ತಗ್ಗಿಸಿಕೊಂಡು ಹೋದನು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಸಂಜೆ ತಂದೆಯೇ ಬಂದು, ಕೆಲಸದ ಬಟ್ಟೆಯಲ್ಲಿಯೇ ಅಂಗಳದಲ್ಲಿ ನಿಂತನು. ಒಳಗೆ ಕರೆದರೂ ಬರಲಿಲ್ಲ.

"ಸರ, ನಮ್ಮಪ್ಪಗ ಹಲಗಿ ಬಡಿ ಬಾ ಅಂದ್ರ ಹೋಗಬೇಕಿತ್ತರಿ. ಸತ್ತಲ್ಲಿ ಕರೀತಿದ್ರು, ಡಂಗುರಕ್ಕ ಕರೀತಿದ್ರು. ಒಲ್ಲೆ ಅನ್ನಂಗಿದ್ದಿಲ್ಲ. ನನ್ನ ಮಗಾ ಸಾಲಿಗಿ ಓದಲಾಕ ಬರ್ತಾನ್ರಿ."

ನಾವು ನಾಡಿನ ಕಲೆ, ಗೌರವ ಎಂದೇನೋ ಹೇಳಹೊರಟೆವು. ಆತನು ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದನು: "ಅಷ್ಟು ಹುಡುಗ್ರೊಳಗ ಇವನಿಗೇ ಯಾಕ ಹೇಳಿದ್ರಿ ಸರ?"

ತರಬೇತಿ ಶಾಲೆಯಲ್ಲಿ ನಮಗೆ ಪ್ರಶ್ನೆ ಕೇಳುವ ಕ್ರಮವನ್ನು ಕಲಿಸಿದ್ದರು. ಇಂತಹ ಪ್ರಶ್ನೆಗೆ ಉತ್ತರವನ್ನು ಕಲಿಸಿರಲಿಲ್ಲ. ಬಹಳ ಹೊತ್ತಿನ ಮೇಲೆ, "ತಪ್ಪಾಯಿತು" ಎಂದೆವು. ಆತನು, "ಹಲಗಿ ಮ್ಯಾಲ ನನಗ ಸಿಟ್ಟಿಲ್ರಿ. ಅಲಾವಿಗಿ ಯಾರು ಬ್ಯಾಡ ಅಂದ್ರೂ ಬಡೀತೀನಿ. ಅದು ನನ್ನ ಖುಷಿ" ಎಂದು ಹೇಳಿ ಹೊರಟುಹೋದನು. ಮರುದಿನ ಹುಡುಗನು ಶಾಲೆಗೆ ಬಂದನು.

ಆ ವರ್ಷ ಕವಾಯತಿಗೆ ಹಲಗೆಯನ್ನು ನಾವೇ ಬಾರಿಸಿದೆವು. ಒಂದು ಸಂಜೆ ಆತನ ಮನೆಗೆ ಹೋಗಿ, ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವುದನ್ನೂ, ಸಣ್ಣ ಕೋಲು, ದಪ್ಪ ಕೋಲು ಹಿಡಿಯುವ ಬಗೆಯನ್ನೂ ಕಲಿತು ಬಂದಿದ್ದೆವು. ಬಹಳ ಕೆಟ್ಟದಾಗಿ ಬಾರಿಸಿದೆವು. ಮಕ್ಕಳ ಸಾಲು ಎರಡು ಸಲ ಹಾದಿ ತಪ್ಪಿತು. ಮೇಷ್ಟರು ಇದನ್ನು ಕೈಯಲ್ಲಿ ಹಿಡಿಯಬಾರದಾಗಿತ್ತು ಎಂದು ಊರ ಹಿರಿಯರೊಬ್ಬರು ನಮಗೆ ಕೇಳಿಸುವಂತೆಯೇ ಅಂದರು. ತಂದೆಯ ಪ್ರಶ್ನೆಗೆ ಉತ್ತರ ಅಲ್ಲಿಂದ ಬಂದಂತಾಯಿತು.

ದಸರೆಯ ಆ ಮಧ್ಯಾಹ್ನ ಲೈಬಾಖ್ ಕೇಳಿ ಕಾಲು ಕುಣಿದಾಗ ನೆನಪಾದದ್ದು ಇದೆಲ್ಲ. ನೆನಪಿಗೆ ಬಂದ ಇನ್ನೊಬ್ಬರು ನಮ್ಮ ಅಜ್ಜ. 1948ರಲ್ಲಿ ರಜಾಕಾರರು ಸಾಲುಗಟ್ಟಿ ಊರೊಳಗೆ ಬಂದಾಗ ಅವರು ಹನ್ನೆರಡು ವರ್ಷದ ಹುಡುಗ. ಹೆದರಿಕೆಯಾಗಿತ್ತೇ ಎಂದು ಕೇಳಿದರೆ, "ಆಯಿತು. ಆದರ ಹೆಜ್ಜಿ ನೋಡಲಾಕ ಛಂದಿತ್ತು" ಎನ್ನುತ್ತಿದ್ದರು, ಒಪ್ಪಿಕೊಳ್ಳಬಾರದ್ದನ್ನು ಒಪ್ಪಿಕೊಂಡವರಂತೆ. ಆ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆಯೂ ಮುಗಿಯಿತು, ಆ ಹೆಜ್ಜೆಗಳೂ ಮುಗಿದವು. ಛಂದವೆನಿಸಿದ್ದು ಮಾತ್ರ ಅಜ್ಜನ ಕಾಲಿನಲ್ಲಿ ಉಳಿದಿತ್ತೇನೋ. ನಮ್ಮ ಕಾಲಿಗೂ ಬಂದಿದೆ.

ಹುಡುಗನಿಗೆ ನಾವು ಹಲಗಲಿಯ ಬೇಡರ ಲಾವಣಿಯ ವಿಷಯ ಹೇಳಿದೆವು. 1857ರಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಕಾದಿದವರ ಹಾಡು ಅದು. ಬ್ರಿಟಿಷ್ ಅಧಿಕಾರಿಯಾಗಿದ್ದ ಫ್ಲೀಟ್ ಎಂಬವರೇ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅಲ್ಲಿ ಕುದುರೆಯ ದೌಡು, ಗುಂಡಿನ ಸುರಿಮಳೆ ಎಲ್ಲ ಇವೆ. ಆದರೆ ಊರು ಲೂಟಿಯಾದಾಗ ಲಾವಣಿಕಾರನು ನಿಂತು ಲೆಕ್ಕ ಕೊಡುತ್ತಾನೆ: ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಅರಿಸಿನ, ಜೀರಿಗೆ, ಬೆಲ್ಲ. ರಣದ ಹಾಡಿನಲ್ಲಿ ಜೀರಿಗೆ! ಹುಡುಗನು ಸುಮ್ಮನೆ ಕೇಳಿದನು. ಆಮೇಲೆ, "ನಮ್ಮಪ್ಪನ ಪದಾನೂ ಒಂದು ಆಲ್ಬಮ್ ಮಾಡಬೇಕ್ರಿ ಸರ" ಎಂದನು.

ತಂದೆಯನ್ನು ಕೇಳುವ ಧೈರ್ಯ ನಮಗಿರಲಿಲ್ಲ, ಹುಡುಗನೇ ಕೇಳಿದನು. "ಈಗ ಅಲ್ಲ, ಅಲಾವಿ ಬರಲಿ" ಎಂಬ ಉತ್ತರ ಬಂದಿತು. ಈ ಸಲದ ಮೊಹರಮ್ಮಿನ ಏಳನೆಯ ರಾತ್ರಿ ಕುಣಿಯ ಬಳಿ ಕುಳಿತು ಹನ್ನೊಂದು ಪದಗಳನ್ನು ಫೋನಿನಲ್ಲಿ ಹಿಡಿದೆವು. ಹಲಗೆ ತಂದೆಯದು, ಎರಡು ಪದಗಳಿಗೆ ಕಿರಿಯ ಮಗನು, ಯಾರೂ ಹೇಳದೆ, ತಾನಾಗಿ ಕೋಲು ಹಿಡಿದನು. ಮನೆಗೆ ಬಂದು ಕೇಳಿದಾಗ ಹಾಡಿನ ಹಿಂದೆ ಆರಂಭದಿಂದ ಕೊನೆಯವರೆಗೆ ರಾತ್ರಿ ಪಾಳಿಯ ಪಾಲಿಶ್ ಯಂತ್ರದ ಗುಂಯ್‌ಕಾರ ಸೇರಿಕೊಂಡಿದ್ದಿತು. ಇದನ್ನು ತೆಗೆಯಲು ಬರುತ್ತದೆಯೇ ಎಂದು ಹುಡುಗನನ್ನು ಕೇಳಿದೆವು.

"ಬರ್ತದರಿ" ಎಂದನು. "ಆದರ ಇರಲಿ ಬಿಡ್ರಿ ಸರ."